ಬಹಿಷ್ಕಾರವೂ ವಿರಕ್ತಿಯೂ

ಜನರ ನಡುವಿನಿಂದ ಹೊರಗುಳಿಯುವುದು ಒಳಿತೋ ಕೆಡುಕೋ? ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವು ಸಲ್ಲದು. ಶಬ್ದಾರ್ಥವನ್ನು ಮೊದಲು ವಿವೇಚಿಸಬೇಕು. ‘ಬಹಿಸ್’ ಎಂದರೆ ಹೊರಗೆ. ಒಬ್ಬನನ್ನು ಇತರರು ಹೊರಗಿಡುವುದೇ ಬಹಿಷ್ಕಾರ. ‘ವಿರಕ್ತಿ’ ಎಂದರೆ ರಕ್ತಿಯು, ಅಂದರೆ ವಿಷಯಗಳಲ್ಲಿನ ಅಂಟು, ತೊಲಗಿರುವಿಕೆ. ಮೊದಲನೆಯದರಲ್ಲಿ ಕದ ಮುಚ್ಚುವವರು ಅನ್ಯರು; ಎರಡನೆಯದರಲ್ಲಿ ದಾಟಿ ಹೋಗುವವನು ತಾನೇ. ನೋಡುವವರಿಗೆ ಇಬ್ಬರೂ ಒಂಟಿಯಾಗಿಯೇ ತೋರಿದರೂ ಇವೆರಡಕ್ಕೂ ಅಜಗಜಾಂತರವುಂಟು.

ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಇವರು ಸಮಾಜವು ಹೊರಗಿಟ್ಟಿದ್ದ ಕುಲಗಳಲ್ಲಿ ಜನಿಸಿದ ಶರಣರು. ಹೊರಗಿರುವುದೇ ಅಂಥವರಿಗೆ ತಪಸ್ಸೆಂದು ಬಸವಣ್ಣನವರು ಬೋಧಿಸಲಿಲ್ಲ. ತಾವೇ ಚೆನ್ನಯ್ಯ ಕಕ್ಕಯ್ಯರ ಮನೆಯವರೆಂದು ಹೇಳಿಕೊಂಡರು. ೧೨ನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳಿಗೂ ವಿವಾಹವಾಗಲು, ಬಿಜ್ಜಳನ ಆಜ್ಞೆಯಿಂದ ಬೀಗರಿಬ್ಬರೂ ಪ್ರಾಣ ತೆತ್ತರೆಂದು ಪರಂಪರೆಯು ಹೇಳುತ್ತದೆ. ಮುಚ್ಚಿದ ಕದವನ್ನು ತೆರೆಯಲು ಇಷ್ಟು ಬೆಲೆ ತೆತ್ತ ಧರ್ಮವು ಬಹಿಷ್ಕಾರವನ್ನು ಒಳಿತೆನ್ನುವುದುಂಟೆ?

ಇನ್ನು ವಿರಕ್ತಿಯನ್ನು ನೋಡೋಣ. ಉಡುತಡಿಯ ಅಕ್ಕಮಹಾದೇವಿಯವರು ಕೌಶಿಕನ ಅರಮನೆಯನ್ನು ತಾವಾಗಿಯೇ ತೊರೆದರು. ನೇರವಾಗಿ ಕಾಡನ್ನು ಸೇರದೆ ಕಲ್ಯಾಣಕ್ಕೆ ಬಂದು, ಅನುಭವಮಂಟಪದಲ್ಲಿ ಅಲ್ಲಮಪ್ರಭುಗಳ ಪ್ರಶ್ನೆಗಳಿಗೆ ಉತ್ತರವಿತ್ತು, ಬಳಿಕ ಶ್ರೀಶೈಲದ ಕದಳಿಗೆ ತೆರಳಿದರು. ಏಕಾಂತಕ್ಕೆ ಮುನ್ನ ಸತ್ಸಂಗ; ಇದೇ ಕ್ರಮ. ಅವರ ಏಕಾಂತವು ಯಾರ ಮಾನವನ್ನೂ ಕಸಿಯಲಿಲ್ಲ; ಲೋಕಕ್ಕೆ ವಚನಗಳನ್ನು ಉಳಿಸಿಹೋಯಿತು.

ಇಲ್ಲಿ ಒಂದು ಆಕ್ಷೇಪವು ಹುಟ್ಟುತ್ತದೆ. ಶರಣರೂ ಭವಿ-ಭಕ್ತರೆಂಬ ಭೇದವನ್ನು ಮಾಡಿ ಭವಿಸಂಗವನ್ನು ವರ್ಜಿಸಲಿಲ್ಲವೆ? ಅದೂ ಬಹಿಷ್ಕಾರವೇ ಅಲ್ಲವೆ? ಸಮಾಧಾನವಿಷ್ಟು: ಭವಿತ್ವವು ಹುಟ್ಟಿನಿಂದ ಸಾವಿನವರೆಗೆ ಅಂಟುವಂಥದಲ್ಲ, ಲಿಂಗದೀಕ್ಷೆಯಿಂದ ಇಂದೇ ಕಳೆಯುವಂಥದು. ಆ ಬೇಲಿಗೆ ಬಾಗಿಲುಂಟು. ಜಾತಿಯ ಬೇಲಿಗೆ ಬಾಗಿಲೇ ಇಲ್ಲ. ಆದರೆ ಬಾಗಿಲು ತೆರೆದಿರುವವರೆಗೆ ಮಾತ್ರ ಈ ಸಮಾಧಾನವು ನಿಲ್ಲುತ್ತದೆ. ದೀಕ್ಷೆ ಪಡೆದವನ ಪೂರ್ವಕುಲವನ್ನು ಕೆದಕಿದರೆ, ಲಿಂಗವಂತರಲ್ಲಿಯೇ ಒಳಪಂಗಡಗಳನ್ನೆಣಿಸಿ ಸಹಪಂಕ್ತಿಯನ್ನೂ ಹೆಣ್ಣು ಕೊಟ್ಟು ತರುವುದನ್ನೂ ನಿರಾಕರಿಸಿದರೆ, ಶರಣರ ಬೇಲಿಯೇ ಜಾತಿಯ ಬೇಲಿಯಾಗುವುದು. ಆಗ ಆಕ್ಷೇಪಿಸುವವನಿಗೆ ಕೊಡಲು ಉತ್ತರವಿರುವುದಿಲ್ಲ.

೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೧೭ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ೧೯೫೫ರ ಕಾಯಿದೆಯು ಅದರ ಆಚರಣೆಗೆ ಶಿಕ್ಷೆಯನ್ನು ವಿಧಿಸಿತು. ಕಾಯಿದೆಯು ಗುಡಿಯ ಕದವನ್ನು ತೆರೆಸಬಲ್ಲದು. ಮನೆಯ ಪಂಕ್ತಿಯಲ್ಲಿ ಪ್ರೀತಿಯಿಂದ ಎಡೆ ಹಾಕಿಸಲಾರದು. ಅದು ಭಕ್ತನ ಹೊಣೆ.

ಆದುದರಿಂದ ಸಾಧಕನು ತನ್ನ ನಿಯಮನಿಷ್ಠೆಯನ್ನು ಮೆಚ್ಚಿಕೊಳ್ಳುವ ಮುನ್ನ ಒಂದು ಮಾತನ್ನು ತನ್ನಲ್ಲಿಯೇ ಕೇಳಿಕೊಳ್ಳಬೇಕು: ತಾನು ದೂರ ನಿಂತುದರಿಂದ ತನ್ನ ಅಂಟು ಕಳೆಯಿತೋ, ಮತ್ತೊಬ್ಬನ ಮಾನ ಕಳೆಯಿತೋ? ಮೊದಲನೆಯದಾದರೆ ಆ ಏಕಾಂತವು ವಂದ್ಯ. ಎರಡನೆಯದಾದರೆ ಆತನು ಕೂಡಲೆ ಎದ್ದು ಕದ ತೆರೆಯತಕ್ಕದ್ದು.