ತಡೆದ ಬಿಲ್ಲೂ ಸಾಲವೇ

ಪುಟ್ಟಿ, ದೊಡ್ಡ ಕಂಪನಿಯ ಟ್ರೆಜರಿ ವಿಭಾಗಕ್ಕೆ ಸೇರಿದ್ದೀಯ ಅಂತ ನಿಮ್ಮಪ್ಪ ಫೋನ್ ಮಾಡಿ ಹೇಳಿದ. ಭದ್ರಾವತಿ ಪೇಪರ್ ಟೌನಿನ ಕ್ವಾರ್ಟರ್ಸಿನಲ್ಲಿ ಆಡಿ ಬೆಳೆದ ಹುಡುಗಿ ಕೋಟಿಗಟ್ಟಲೆ ಲಿಮಿಟ್ಟು ನೋಡಿಕೊಳ್ಳುವ ಮೇಜಿಗೆ ಹೋದಳಲ್ಲ ಅಂತ ನನಗೂ ನಿನ್ನ ದೊಡ್ಡಮ್ಮನಿಗೂ ತುಂಬಾ ಹೆಮ್ಮೆ. ಬ್ಯಾಂಕಿನ ಸಾಲ ವಿಭಾಗದಲ್ಲೇ ತಲೆ ನರೆಸಿಕೊಂಡವನು ನಾನು. ಬಡ್ಡಿ ದರ, ಫಾರ್ಮು, ಸಾಫ್ಟ್‌ವೇರು ಎಲ್ಲ ಆಫೀಸಿನಲ್ಲಿ ಕಲಿಸುತ್ತಾರೆ. ನಾನು ಹೇಳಬೇಕೆಂದಿರುವುದನ್ನು ಯಾರೂ ಕರೆದು ಕೂರಿಸಿ ಹೇಳುವುದಿಲ್ಲ. ಸ್ವಲ್ಪ ಪುರುಸೊತ್ತು ಮಾಡಿಕೊಂಡು ಓದು.

ಅಲ್ಪಾವಧಿ ಸಾಲ ಯಾತಕ್ಕೆ ಎನ್ನುವುದಕ್ಕೆ ನಮ್ಮೂರ ಮೈಸೂರು ಪೇಪರ್ ಮಿಲ್ಸ್‌ನ (ಎಂಪಿಎಂ) ಸಕ್ಕರೆ ಘಟಕವನ್ನೇ ನೆನೆಸಿಕೋ. ಕಬ್ಬು ಅರೆಯುವುದು ವರ್ಷದಲ್ಲಿ ಕೆಲವೇ ತಿಂಗಳು, ಸಕ್ಕರೆ ಖರ್ಚಾಗುವುದು ವರ್ಷವಿಡೀ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ರೈತನಿಗೆ ದುಡ್ಡು ಸೇರಬೇಕು, ತಪ್ಪಿದರೆ ವರ್ಷಕ್ಕೆ ಶೇ. 15ರ ಬಡ್ಡಿ. ಆದ್ದರಿಂದ ಸಕ್ಕರೆ ಕಾರ್ಖಾನೆಗಳು ಗೋದಾಮಿನ ಮೂಟೆಗಳನ್ನು ಬ್ಯಾಂಕಿಗೆ ಒತ್ತೆ ಇಟ್ಟು ಸಾಲ ತೆಗೆಯುತ್ತವೆ. ಮೂಟೆ ಮಾರಿದ ಹಾಗೆಲ್ಲ ದುಡ್ಡು ಕಟ್ಟುವುದು, ಮುಂದಿನ ಹಂಗಾಮಿಗೆ ಮತ್ತೆ ತೆಗೆಯುವುದು. ಈ ಸಾಲಕ್ಕೆ ತಿರುಗುತ್ತಿದ್ದರೇ ಜೀವ. ಕಾರ್ಖಾನೆ ನಿಂತರೆ ಬಡ್ಡಿ ಮಾತ್ರ ಓಡುತ್ತದೆ. 1936ರಲ್ಲಿ ಸ್ಥಾಪನೆಯಾದ ಎಂಪಿಎಂ 2015ರಲ್ಲಿ ಉತ್ಪಾದನೆ ನಿಲ್ಲಿಸಿದಾಗ ಊರಿಗೆ ಏನಾಯಿತೆಂದು ನಿನಗೆ ನಾನು ಹೇಳಬೇಕಾಗಿಲ್ಲ.

ದೊಡ್ಡ ಕಂಪನಿಗಳಿಗೆ ಕ್ಯಾಶ್ ಕ್ರೆಡಿಟ್ (ಸಿ.ಸಿ.) ಖಾತೆಯೊಂದೇ ಅಲ್ಲ, ದಾರಿಗಳು ಹಲವು. 150 ಕೋಟಿ ಅಥವಾ ಅದಕ್ಕಿಂತ ಹೆಚ್ಚು ಲಿಮಿಟ್ಟು ಇರುವವರು ದುಡಿಯುವ ಬಂಡವಾಳದ ಸಾಲದಲ್ಲಿ ಕನಿಷ್ಠ ಶೇ. 60ರಷ್ಟನ್ನು ಗಡುವಿನ ಸಾಲವಾಗಿಯೇ ತೆಗೆಯಬೇಕೆಂದು ರಿಸರ್ವ್ ಬ್ಯಾಂಕ್ 2019ರಿಂದ ನಿಯಮ ತಂದಿದೆ. ಅದಲ್ಲದೆ ಕಮರ್ಷಿಯಲ್ ಪೇಪರ್ ಇದೆ. ಏಳು ದಿನದಿಂದ ಒಂದು ವರ್ಷದ ಅವಧಿ, ಒತ್ತೆ ಇಲ್ಲ, ಕಂಪನಿಯ ಹೆಸರೇ ಭರವಸೆ. ಹಳೆಯ ಪೇಪರನ್ನು ಹೊಸ ಪೇಪರು ಮಾರಿ ತೀರಿಸುವುದು ಇಲ್ಲಿಯ ರೂಢಿ. ಹೊಸದನ್ನು ಕೊಳ್ಳುವವರಿಲ್ಲದ ದಿನ ಏನಾಗುತ್ತದೆಂದು 2018ರ ಸೆಪ್ಟೆಂಬರಿನಲ್ಲಿ ಐಎಲ್ ಅಂಡ್ ಎಫ್‌ಎಸ್ ಕುಸಿದಾಗ ದೇಶವೇ ನೋಡಿತು. ಹತ್ತಾರು ವರ್ಷಕ್ಕೆ ಫಲ ಕೊಡುವ ರಸ್ತೆ, ಸುರಂಗಗಳ ವ್ಯವಹಾರದಲ್ಲಿದ್ದ ಗುಂಪು ತಿಂಗಳುಗಳ ಸಾಲವನ್ನೂ ನೆಚ್ಚಿಕೊಂಡಿತ್ತು.

ನಮ್ಮೂರ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್ 1998ರಲ್ಲಿ ಕೇಂದ್ರ ಸರ್ಕಾರದ ಉಕ್ಕಿನ ಕಂಪನಿ ಸೈಲ್‌ನೊಳಗೆ ವಿಲೀನವಾದ ಮೇಲೆ ಅದರ ಸಾಲದ ತೀರ್ಮಾನವೆಲ್ಲ ದೆಹಲಿಯದು. ಆ ಸೈಲ್‌ನ ಸಾಲ 2020ರ ಮಾರ್ಚ್ ಕೊನೆಗೆ 50 ಸಾವಿರ ಕೋಟಿ ಮೀರಿತ್ತು. ಅದೇ ಹೊತ್ತಿಗೆ ಲಾಕ್‌ಡೌನ್. ಆಮೇಲೆ ಉಕ್ಕಿನ ಬೆಲೆ ಏರಿತು. 2022ರ ಮಾರ್ಚ್ ಹೊತ್ತಿಗೆ ಸಾಲ 13 ಸಾವಿರ ಕೋಟಿಯ ಆಸುಪಾಸಿಗೆ ಇಳಿಯಿತು. ಅಷ್ಟು ದೊಡ್ಡವರಿಗೆ ಬೆಲೆ ಏರುವ ತನಕ ಕಾಯುವ ತ್ರಾಣ ಇರುತ್ತದೆ. ಅವರಂಥವರಿಗೆ ಮಾಲು ಹಾಕುವವನಿಗೆ ಇರುವುದಿಲ್ಲ. ನನ್ನ ಮಾತು ಅವನ ಬಗ್ಗೆ.

ಬ್ಯಾಂಕಿನಲ್ಲಿದ್ದಾಗ ಒಮ್ಮೆ ಮಾಚೇನಹಳ್ಳಿಯ ಒಂದು ಸಣ್ಣ ಫೌಂಡ್ರಿಗೆ ಸ್ಟಾಕ್ ನೋಡಲು ಹೋಗಿದ್ದೆ. ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ತಯಾರಾದ ಮಾಲು ಎಂದು ಬರೆದಿದ್ದ ರಾಶಿಯ ಮೇಲಿನ ಎರಡು ಸಾಲು ಕಾಸ್ಟಿಂಗು ಹೊಳೆಯುತ್ತಿದ್ದವು. ಅವನ್ನು ಸರಿಸಲು ಹೇಳಿದೆ. ಅಡಿಯಲ್ಲಿ ಇದ್ದದ್ದೆಲ್ಲ ಬ್ಲೋಹೋಲ್ ಬಿದ್ದ ರಿಜೆಕ್ಟ್ ಮಾಲು, ಮತ್ತೆ ಕುಲುಮೆಗೇ ಹೋಗಬೇಕಾದದ್ದು. ಮಾಲೀಕ ಮಾತಾಡಲಿಲ್ಲ, ಬೀರುವಿನಿಂದ ಒಂದು ಫೈಲು ತಂದು ಮುಂದಿಟ್ಟ. ದೊಡ್ಡ ಕಂಪನಿಯೊಂದಕ್ಕೆ ಹಾಕಿದ ಮಾಲಿನ ಬಿಲ್ಲುಗಳು, ನಾಲ್ಕು ತಿಂಗಳಾದರೂ ಪಾಸಾಗಿರಲಿಲ್ಲ. 90 ದಿನ ದಾಟಿದ ಬಾಕಿಯನ್ನು ನಾವು ಬ್ಯಾಂಕಿನವರು ಡ್ರಾಯಿಂಗ್ ಪವರ್ ಲೆಕ್ಕದಿಂದ ತೆಗೆದುಬಿಡುತ್ತೇವೆ. ಅಂದರೆ ಖಾತೆಯಿಂದ ದುಡ್ಡು ತೆಗೆಯುವ ಮಿತಿ ಕುಸಿಯುತ್ತದೆ, ಆದರೆ ಮೆಸ್ಕಾಂ ಕರೆಂಟ್ ಬಿಲ್ಲು ನಿಲ್ಲುವುದಿಲ್ಲ, ಶನಿವಾರದ ಬಟವಾಡೆ ನಿಲ್ಲುವುದಿಲ್ಲ. ಆ ಗುಂಡಿ ಮುಚ್ಚಲು ರಿಜೆಕ್ಟ್ ಮಾಲನ್ನು ಅವನು ಪಟ್ಟಿಗೆ ಸೇರಿಸಿದ್ದ. ತಪ್ಪು ಅವನದೇ, ನಾನು ವರದಿ ಬರೆಯಲೇಬೇಕಿತ್ತು, ಬರೆದೆ. ಖಾತೆ 90 ದಿನ ಮಿತಿ ಮೀರಿಯೇ ಉಳಿದರೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಆದರೆ ಅವನ ಬಿಲ್ಲು ತಡೆದವರ ಹೆಸರು ನನ್ನ ವರದಿಯ ಯಾವ ಕಾಲಮ್ಮಿಗೂ ಬರಲಿಲ್ಲ. ಅದು ಈಗಲೂ ನನ್ನನ್ನು ಕೊರೆಯುತ್ತದೆ.

ಇನ್ನು ನಿನ್ನ ಮೇಜಿಗೆ ಬಾ. ಡ್ರಾಯಿಂಗ್ ಪವರ್ ಲೆಕ್ಕದಲ್ಲಿ ಸ್ಟಾಕಿನಿಂದ ಕೊಡಬೇಕಾದ ಬಾಕಿ ಕಳೆದ ಮೇಲೇ ಮಾರ್ಜಿನ್ ತೆಗೆಯುವುದು. ಸ್ಟಾಕು 10 ಕೋಟಿ, ಅದಕ್ಕೆ ಕೊಡಬೇಕಾದ್ದು 4 ಕೋಟಿ, ಮಾರ್ಜಿನ್ ಶೇ. 25 ಎಂದಾದರೆ ಸಿಗುವುದು ನಾಲ್ಕೂವರೆ ಕೋಟಿ. ಬಾಕಿ ಮುಚ್ಚಿಟ್ಟರೆ ಏಳೂವರೆ ಕೋಟಿ ಕಾಣುತ್ತದೆ. ದುಡ್ಡು ಕೊಡದೆ ತಂದ ಮಾಲು ನಿಮ್ಮದಲ್ಲ ಎಂದು ಬ್ಯಾಂಕೇ ಒಪ್ಪಿರುವ ಲೆಕ್ಕ ಇದು. ಬ್ಯಾಂಕಿನ ಸಾಲ, ಮಾರುಕಟ್ಟೆಯ ಸಾಲದ ಜೊತೆಗೆ ಸಪ್ಲೈಯರನ ಬಾಕಿಯನ್ನೂ ಸಾಲವೆಂದೇ ಬರೆದುಕೋ. ಮೊದಲಿನ ಎರಡನ್ನು ಕೊಟ್ಟವರು ಬಡ್ಡಿ ಮಾತಾಡಿ, ಸಹಿ ಹಾಕಿಸಿಕೊಂಡು ಕೊಟ್ಟಿದ್ದಾರೆ. ಇವನನ್ನು ಯಾರೂ ಕೇಳಿಲ್ಲ. ಕ್ವಾರ್ಟರ್ ಕೊನೆಯಲ್ಲಿ ಸಾಲದ ಅಂಕಿ ಚೆನ್ನಾಗಿ ಕಾಣಲಿ ಎಂದು ಪೇಮೆಂಟು ತಡೆಯಲು ನಿನಗೆ ಹೇಳುತ್ತಾರೆ. ಹಾಗೆ ಹೇಳಿದ ದಿನ ಸೌಜನ್ಯದಿಂದಲೇ, ಆದರೆ ಇ-ಮೇಲಿನಲ್ಲಿ ಬರೆದು, ಇದು ಸಣ್ಣ ಘಟಕದ ಬಿಲ್ಲು ಸಾರ್, ತಡೆಯಬಾರದು ಎಂದು ತಿಳಿಸು.

ಕಾನೂನು ನಿನ್ನ ಕಡೆಗೇ ಇದೆ, ಹೆದರಬೇಡ. 2006ರ ಎಂಎಸ್‌ಎಂಇ ಕಾಯ್ದೆಯಂತೆ ಒಪ್ಪಂದ ಏನೇ ಇರಲಿ, ಸಣ್ಣ ಘಟಕಕ್ಕೆ ದುಡ್ಡು ಕೊಡುವುದು 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನಿಮ್ಮ ಕಂಪನಿಯ ವಹಿವಾಟು 250 ಕೋಟಿ ಮೀರಿದ್ದರೆ ಸಣ್ಣ ಘಟಕಗಳ ಬಿಲ್ಲು ನಗದು ಮಾಡುವ ಟ್ರೆಡ್ಸ್ ವೇದಿಕೆಯಲ್ಲಿ ನೋಂದಣಿಯೂ ಕಡ್ಡಾಯ. ಆದರೆ ನೋಂದಾಯಿಸಿದರಷ್ಟೇ ಸಾಲದು, ಬಂದ ಬಿಲ್ಲನ್ನು ಅಲ್ಲಿ ಒಪ್ಪಿಕೊಳ್ಳಬೇಕು. ಒಪ್ಪಿದರೆ ಯಾವುದಾದರೂ ಬ್ಯಾಂಕು ಅದನ್ನು ಕೊಂಡು ಫೌಂಡ್ರಿಯವನಿಗೆ ಎರಡು ಮೂರು ದಿನದಲ್ಲಿ ದುಡ್ಡು ಕೊಡುತ್ತದೆ, ನಿಮ್ಮವರು ಗಡುವಿಗೆ ಬ್ಯಾಂಕಿಗೆ ಕಟ್ಟಿದರಾಯಿತು.

ಈ ವಾರ ಒಂದು ಕೆಲಸ ಮಾಡು. ನಿಮ್ಮ ಕಂಪನಿಯ ವಾರ್ಷಿಕ ವರದಿಯಲ್ಲಿ, ಬ್ಯಾಲೆನ್ಸ್ ಶೀಟಿನ ಹಿಂದಿನ ಟಿಪ್ಪಣಿಗಳಲ್ಲಿ, ಕೊಡಬೇಕಾದ ಬಾಕಿ ಎಷ್ಟು ಹಳೆಯದು ಎನ್ನುವ ಪಟ್ಟಿ ಇರುತ್ತದೆ. ಸಣ್ಣ ಘಟಕಗಳದ್ದು ಬೇರೆ ಸಾಲಿನಲ್ಲೇ ಇರುತ್ತದೆ. ಒಂದು ವರ್ಷ ದಾಟಿದ ಕಾಲಮ್ಮಿನಲ್ಲಿ ಏನಾದರೂ ಅಂಕಿ ಇದ್ದರೆ ಅದು ಯಾರದು, ಯಾಕೆ ನಿಂತಿದೆ ಎಂದು ಮೊದಲು ಕೇಳು. ವ್ಯಾಜ್ಯವೋ, ಗುಣಮಟ್ಟದ ತಕರಾರೋ, ಬರೀ ಉದಾಸೀನವೋ ತಿಳಿದುಕೋ. ಆಮೇಲೆ ನನಗೆ ಫೋನ್ ಮಾಡು.