ಹಳೇ ಜೀಪಿನ ಎಂಜಿನ್: ಮನೇಲಿ ಎಷ್ಟು, ಲೇತಿಗೆ ಎಷ್ಟು?

ಕೊಟ್ಟಿಗೆಹಾರದ ಸುತ್ತಿನ ಕಾಫಿ ತೋಟಗಳಲ್ಲಿ ಮಹೀಂದ್ರದ ಹಳೇ ಪೆಟ್ರೋಲ್ ಜೀಪುಗಳು ಇನ್ನೂ ಇವೆ. ಮಳೆಗಾಲದ ಕೆಸರಿನಲ್ಲಿ ಗೊಬ್ಬರದ ಚೀಲ ಹೊತ್ತು ತೋಟದ ಏರು ಹತ್ತಲು ಸಣ್ಣ ಬೆಳೆಗಾರನಿಗೆ ಇದೇ ಗತಿ. ಎಂಜಿನ್ ಹೊಗೆ ಕಾರಲು ಶುರುವಾದರೆ ಗುಜರಿಗೆ ಹಾಕುವುದೋ, ಸಾಲ ಮಾಡಿ ಬೇರೆ ಗಾಡಿ ತರುವುದೋ ಎಂಬ ಚಿಂತೆ. ಮೂರನೇ ದಾರಿಯೂ ಉಂಟು.

ನಾನು ಕಡೂರು ಕಡೆಯ ಒಣಬೇಸಾಯದವನು. ಓದಿದ್ದು ಏಳನೇ ಕ್ಲಾಸು. ಡೀಸೆಲ್ ಪಂಪ್‌ಸೆಟ್ ಬಿಚ್ಚಿ ಕಟ್ಟಿ ಕೈ ಪಳಗಿದೆ. ಕೊಟ್ಟಿಗೆಹಾರದ ನಮ್ಮ ಬೀಗರ ಸಿಜೆ-3ಬಿ ಜೀಪಿನ ಎಂಜಿನ್ನನ್ನು ಅವರೂ ನಾನೂ ಸೇರಿ ಮನೆಯ ಶೆಡ್ಡಿನಲ್ಲೇ ಕಟ್ಟಿದೆವು. ಆ ಅನುಭವದ ಮೇಲೆ ಇದನ್ನು ಬರೆದಿದ್ದೇನೆ.

ಎಂಥ ಎಂಜಿನ್?

ಅಮೆರಿಕದ ವಿಲ್ಲೀಸ್ ಕಂಪನಿಯ 'ಹರಿಕೇನ್' ಎಂಜಿನ್ ಇದು. 4 ಸಿಲಿಂಡರ್, 2199 ಸಿಸಿ. ಇನ್‌ಲೆಟ್ ವಾಲ್ವ್ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿ. ಹೆಡ್ ಮಾತ್ರ ಇಳಿಸಿ ರಿಪೇರಿ ಮಾಡಿಸಿದರೆ ಅರ್ಧ ಕೆಲಸ ಅಷ್ಟೆ.

ಬಿಚ್ಚುವ ಮೊದಲು ಪರೀಕ್ಷೆ

ಎಂಜಿನ್ ಬಿಸಿ ಇದ್ದಾಗ ನಾಲ್ಕೂ ಪ್ಲಗ್ ತೆಗೆದು, ಗೇಜ್ ಇಟ್ಟು ಕಂಪ್ರೆಷನ್ ನೋಡಿ ಬರೆದಿಡಿ. ಕಮ್ಮಿ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಈಗ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಏರದಿದ್ದರೆ ವಾಲ್ವ್ ಕಡೆ ಅನುಮಾನ. ಅಕ್ಕಪಕ್ಕದ ಎರಡರಲ್ಲೂ ಕಮ್ಮಿ ಇದ್ದರೆ ನಡುವೆ ಗ್ಯಾಸ್ಕೆಟ್ ಸುಟ್ಟಿರಬಹುದು. ಒಂದು ಚಮಚ ಆಯಿಲ್ ಎಷ್ಟೋ ಸಲ ಪೂರಾ ಎಂಜಿನ್ ಬಿಚ್ಚುವ ಖರ್ಚು ಉಳಿಸುತ್ತದೆ.

ಇಳಿಸುವಾಗ

ಹೆಂಚಿನ ಮಾಡಿನ ಪಕಾಸಿಗೆ ಎಂಜಿನ್ ತೂಗುಹಾಕಬೇಡಿ. ದಪ್ಪ ಕಬ್ಬಿಣದ ಪೈಪಿನ ಮುಕ್ಕಾಲಿ, ಚೈನ್ ಪುಲ್ಲಿ ಬಾಡಿಗೆಗೆ ತನ್ನಿ. ತೂಗುವ ಎಂಜಿನ್ ಅಡಿಗೆ ಕೈಕಾಲು ಹಾಕಬೇಡಿ.

ಹೆಡ್ಡಿನ ಒಂದು ಬೋಲ್ಟ್ ಕಾರ್ಬ್ಯುರೇಟರ್ ಅಡಿಯಲ್ಲಿ ಅಡಗಿದೆ. ಅದನ್ನು ತೆಗೆಯದೆ ಹೆಡ್ ಮೀಟಿದರೆ ಹೆಡ್ ಹಾಳು. ಬ್ಲಾಕಿನ ವಾಲ್ವ್ ಬಿಚ್ಚುವಾಗ ಕೆಳಗಿನ ತೂತುಗಳಿಗೆ ಬಟ್ಟೆ ತುರುಕಿ. ಇಲ್ಲದಿದ್ದರೆ ಸಣ್ಣ ಲಾಕ್ ಜಾರಿ ಸಂಪಿಗೆ ಬೀಳುತ್ತದೆ.

ಪಿಸ್ಟನ್, ಕನೆಕ್ಟಿಂಗ್ ರಾಡ್, ರಾಡಿನ ಕ್ಯಾಪ್, ವಾಲ್ವ್ ಎಲ್ಲಕ್ಕೂ ನಂಬರು ಹಾಕಿ. ಯಾವ ಮುಖ ಮುಂದಿತ್ತು ಅಂತಲೂ ಗುರುತು ಮಾಡಿ. ಒಂದು ರಾಡಿನ ಕ್ಯಾಪ್ ಇನ್ನೊಂದಕ್ಕೆ ಹೊಂದದು.

ಲೇತಿಗೆ ಕೊಡುವುದು

ಬಿಚ್ಚುವುದು, ತೊಳೆಯುವುದು, ಜೋಡಿಸುವುದು ನಮ್ಮ ಕೆಲಸ. ಅಳತೆ ನೋಡುವುದು, ಬೋರ್ ಕೊರೆಯುವುದು, ಕ್ರ್ಯಾಂಕ್ ಗ್ರೈಂಡ್ ಮಾಡುವುದು ಲೇತಿನವರದು. ಇಲ್ಲಿ ಉಳಿತಾಯ ನೋಡಬಾರದು. ಬೋರ್ ಮೇಲೂ ಕೆಳಗೂ ಒಂದೇ ಸಮ ಸವೆಯುವುದಿಲ್ಲ. ಬೆರಳಿಗೆ ಅದು ತಿಳಿಯದು, ಮೈಕ್ರೋಮೀಟರಿಗೆ ತಿಳಿಯುತ್ತದೆ. ಸವೆದ ಬೋರಿಗೆ ಬರೀ ಹೊಸ ರಿಂಗ್ ಹಾಕಿದರೆ ಹೊಗೆ ಮತ್ತೆ ಬರುತ್ತದೆ.

ಓವರ್‌ಸೈಜ್ ಪಿಸ್ಟನ್ ಮೊದಲು ಕೈಗೆ ಬರಲಿ, ಆಮೇಲೆ ಅದರ ಅಳತೆಗೇ ಬೋರ್ ಮಾಡಿಸಿ. ಕ್ರ್ಯಾಂಕ್ 10, 20, 30 ಥೌ ಎಂದು ಇಳಿಸುತ್ತಾರೆ. ಬೇರಿಂಗ್ ಅದೇ ಅಳತೆಯದಿರಬೇಕು. ಅಳತೆಯನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ನಮ್ಮ ಖರ್ಚಿನಲ್ಲಿ ದೊಡ್ಡ ಪಾಲು ಲೇತು, ಬಿಡಿಭಾಗಗಳಿಗೇ ಹೋಯಿತು. ಉಳಿದದ್ದು ಕೂಲಿ.

ಜೋಡಿಸುವಾಗ

ಕ್ರ್ಯಾಂಕಿನ ಆಯಿಲ್ ತೂತುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಗಾಳಿ ಊದಿ. ಬೇರಿಂಗಿಗೆ ಆಯಿಲ್ ಸವರಿಯೇ ಕೂರಿಸಿ. ಒಂದೊಂದು ಕ್ಯಾಪ್ ಬಿಗಿದ ಮೇಲೂ ಕ್ರ್ಯಾಂಕ್ ತಿರುಗಿಸಿ ನೋಡಿ. ಹಿಡಿದರೆ ಅಲ್ಲೇ ನಿಲ್ಲಿಸಿ. ಟೈಮಿಂಗ್ ಗೇರುಗಳ ಗುರುತು ಒಂದಕ್ಕೊಂದು ಎದುರಾಗಬೇಕು. ಹೆಡ್ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, 60-70 ಅಡಿ-ಪೌಂಡಿಗೆ ಬಿಗಿಯಿರಿ. ವಾಲ್ವ್ ಸಂದು ತಣ್ಣಗಿದ್ದಾಗ ಇನ್‌ಲೆಟ್ 18, ಎಕ್ಸಾಸ್ಟ್ 16 ಥೌ. ಪ್ಲಗ್ ವೈರಿನ ಕ್ರಮ 1-3-4-2.

ಕೂರಿಸುವಾಗ

ಕ್ಲಚ್ ಪ್ಲೇಟನ್ನು ಹಳೇ ಗೇರ್ ಶಾಫ್ಟ್ ತೂರಿಸಿ ನಡುಮಧ್ಯಕ್ಕೆ ತನ್ನಿ. ಎಂಜಿನ್ ಭಾರ ಗೇರ್‌ಬಾಕ್ಸಿನ ಶಾಫ್ಟಿನ ಮೇಲೆ ಬೀಳಬಾರದು. ಆಯಿಲ್ ಕುಡಿದು ಮೆತ್ತಗಾದ ಮೌಂಟಿಂಗ್ ರಬ್ಬರ್ ಬದಲಿಸಿ. ಎಂಜಿನ್ನಿಗೂ ಚಾಸಿಗೂ ನಡುವಿನ ಅರ್ಥಿಂಗ್ ಪಟ್ಟಿ ಮರೆಯಬೇಡಿ. ಅದಿಲ್ಲದಿದ್ದರೆ ಸ್ಟಾರ್ಟರಿನ ಕರೆಂಟ್ ಚೋಕ್ ಕೇಬಲ್ ಹಿಡಿದು ಹೋಗಿ ಕೇಬಲ್ ಸುಡುತ್ತದೆ.

ಪ್ಲಗ್ ಹಾಕದೆ, ಆಯಿಲ್ ಪ್ರೆಶರ್ ಕಾಣುವವರೆಗೆ ಎಂಜಿನ್ ತಿರುಗಿಸಿ, ಆಮೇಲೆ ಸ್ಟಾರ್ಟ್ ಮಾಡಿ. ಶುರುವಿನ ದಿನಗಳಲ್ಲಿ ಭಾರ ಹೇರಿ ಏರು ಹತ್ತಿಸಬೇಡಿ.

ಕೊನೆಗೊಂದು ಮಾತು. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೂ ಎಥನಾಲ್ ಇರುತ್ತದೆ. ಅದು ನೀರು ಹೀರುತ್ತದೆ, ಹಳೇ ರಬ್ಬರನ್ನೂ ಕೆಡಿಸುತ್ತದೆ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಾಮ್ ಎಥನಾಲ್ ತಡೆಯುವಂಥದ್ದನ್ನೇ ಹಾಕಿಸಿ. ಮಳೆಗಾಲದಲ್ಲಿ ಜೀಪು ವಾರಗಟ್ಟಲೆ ನಿಲ್ಲುವುದಾದರೆ ಕಾರ್ಬ್ಯುರೇಟರ್ ಖಾಲಿ ಮಾಡಿಡಿ.