ಅಹಮದಾಬಾದಿನ ಶಾಖ ಕ್ರಿಯಾ ಯೋಜನೆ

ಬಿಸಿಗಾಳಿಯಿಂದ ಜನರನ್ನು ಕಾಪಾಡಲು ದಕ್ಷಿಣ ಏಷ್ಯಾದಲ್ಲೇ ಮೊದಲು ನಗರ ಮಟ್ಟದ ಯೋಜನೆ ರೂಪಿಸಿದ್ದು ಗುಜರಾತಿನ ಅಹಮದಾಬಾದ್. 2010ರ ಮೇ ತಿಂಗಳಲ್ಲಿ ಅಲ್ಲಿನ ಉಷ್ಣಾಂಶ 46.8 ಡಿಗ್ರಿ ಸೆಲ್ಸಿಯಸ್‌ಗೆ ಏರಿತ್ತು. ಆ ಒಂದೇ ತಿಂಗಳಲ್ಲಿ ವಾಡಿಕೆಗಿಂತ 1,344 ಸಾವು ಹೆಚ್ಚಾಗಿ ಸಂಭವಿಸಿದವೆಂದು ನಂತರದ ಅಧ್ಯಯನ ಅಂದಾಜಿಸಿತು. ನಗರಪಾಲಿಕೆಯು ಗಾಂಧಿನಗರದ ಭಾರತೀಯ ಸಾರ್ವಜನಿಕ ಆರೋಗ್ಯ ಸಂಸ್ಥೆ ಮೊದಲಾದವುಗಳ ನೆರವಿನಿಂದ 2013ರಲ್ಲಿ ಯೋಜನೆಯನ್ನು ಜಾರಿಗೆ ತಂದಿತು.

ಇದರ ಜೀವಾಳ ಮುನ್ನೆಚ್ಚರಿಕೆ. ಹವಾಮಾನ ಮುನ್ಸೂಚನೆ ನೋಡಿ ಹಳದಿ, ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಹೊರಡಿಸಲಾಗುತ್ತದೆ; 45 ಡಿಗ್ರಿ ಮುಟ್ಟುವಂತಿದ್ದರೆ ಕೆಂಪು. ಆಗ ಆಸ್ಪತ್ರೆಗಳು ಐಸ್‌ಪ್ಯಾಕ್ ಸಿದ್ಧವಿಟ್ಟುಕೊಳ್ಳುತ್ತವೆ, ಕುಡಿಯುವ ನೀರಿನ ವ್ಯವಸ್ಥೆ ಹೆಚ್ಚುತ್ತದೆ, ಹೊರಗೆ ದುಡಿಯುವವರ ಕೆಲಸದ ವೇಳೆ ಬದಲಿಸಲು ಸೂಚಿಸಲಾಗುತ್ತದೆ.

ಕಾಂಕ್ರೀಟು, ಡಾಂಬರು ಹಗಲಿಡೀ ಹೀರಿದ ಶಾಖವನ್ನು ರಾತ್ರಿ ಹೊರಬಿಡುವುದರಿಂದ ನಗರಗಳು ಸುತ್ತಲಿನ ಹಳ್ಳಿಗಳಿಗಿಂತ ಬಿಸಿಯಾಗಿರುತ್ತವೆ. ಇದೇ ನಗರ ಉಷ್ಣದ್ವೀಪ. ತಗಡಿನ ಸೂರಿನಡಿ ಬದುಕುವವರಿಗೆ ಇದರ ಪೆಟ್ಟು ಹೆಚ್ಚು. ಅದಕ್ಕೆಂದೇ ಕೊಳೆಗೇರಿಗಳ ಚಾವಣಿಗೆ ಬಿಳಿ ಸುಣ್ಣ ಬಳಿಯುವ ಕಾರ್ಯಕ್ರಮ 2017ರಲ್ಲಿ ಆರಂಭವಾಯಿತು. ಮರ ಬೆಳೆಯಲು ವರ್ಷಗಳು ಬೇಕು, ಸುಣ್ಣಕ್ಕೆ ಒಂದು ದಿನ ಸಾಕು. ಆದರೆ ಧೂಳು ಕೂತಂತೆ ಬಿಸಿಲನ್ನು ಪ್ರತಿಫಲಿಸುವ ಅದರ ಗುಣ ಕುಗ್ಗುತ್ತದೆ, ಮತ್ತೆ ಬಳಿಯಲೇಬೇಕು.

ಈ ಮಾದರಿಯನ್ನು ಬೇರೆ ನಗರಗಳೂ ಅನುಸರಿಸಿವೆ. ಕರಾವಳಿಯಲ್ಲಿ ಮಾತ್ರ ಉಷ್ಣಾಂಶವೊಂದನ್ನೇ ನಂಬುವಂತಿಲ್ಲ. ಆರ್ದ್ರತೆ ಹೆಚ್ಚಿದಾಗ ಬೆವರು ಆರದೆ, 40 ಡಿಗ್ರಿಗಿಂತ ಕಡಿಮೆಯಿದ್ದರೂ ದೇಹಕ್ಕೆ ಅಪಾಯ.